ಮೆಕ್ಸಿಕೊ ಕಾರ್ಟೆಲ್ ಹಿಂಸೆ, ಭ್ರಷ್ಟಾಚಾರ, ಮಾಧ್ಯಮ: ಕೋರ್ಸ್ ಪ್ರಬಂಧ ಸಿದ್ಧಪಡಿಸುವ ಬಗೆ

‘ಮಾದಕವಸ್ತು ಕಾರ್ಟೆಲ್‌ಗಳ ಹಿಂಸೆ’ ಎಂಬ ವಿಷಯ ಕೈಗೆ ಬಂದೊಡನೆ ಹೆಚ್ಚಿನ ವಿದ್ಯಾರ್ಥಿಗಳು ಸಿನಾಲೋವಾ ಕಾರ್ಟೆಲ್ (ಮಾದಕವಸ್ತು ಸಾಗಿಸುವ ಗುಂಪು) ಮುಖ್ಯಸ್ಥ ಎಲ್ ಚಾಪೊ ಗುಸ್ಮಾನ್‌ನ ಜೀವನಚರಿತ್ರೆಯಿಂದ ಶುರು ಮಾಡುತ್ತಾರೆ. 2001ರಲ್ಲಿ ಜೈಲಿನಿಂದ ಪರಾರಿ, 2015ರಲ್ಲಿ ಒಂದೂವರೆ ಕಿಲೋಮೀಟರ್ ಸುರಂಗದೊಳಗಿಂದ ಮತ್ತೆ ಪರಾರಿ, 2019ರಲ್ಲಿ ನ್ಯೂಯಾರ್ಕ್‌ನಲ್ಲಿ ಜೀವಾವಧಿ ಶಿಕ್ಷೆ. ಓದಲು ರೋಚಕವಾಗಿರುತ್ತದೆ, ಆದರೆ ಅದರಲ್ಲಿ ಪ್ರಶ್ನೆಯೂ ಇಲ್ಲ, ಉತ್ತರವೂ ಇಲ್ಲ. ಎರಡು ಪುಟ ಹೀಗೆ ಕಳೆದ ಮೇಲೆ ಭ್ರಷ್ಟಾಚಾರಕ್ಕೊಂದು ಅಧ್ಯಾಯ, ಮಾಧ್ಯಮಕ್ಕೊಂದು ಅಧ್ಯಾಯ, ಕೊನೆಗೆ ‘ಸರ್ಕಾರ ಕಠಿಣ ಕ್ರಮ ಕೈಗೊಳ್ಳಬೇಕು’ ಎಂಬ ಸಾಲು.

ಈ ಮೂರನ್ನೂ ಬೇರೆ ಬೇರೆ ಅಧ್ಯಾಯ ಮಾಡುವುದೇ ಮೂಲ ದೋಷ. ನೀವು ಆಧಾರವಾಗಿ ಕೊಡುವ ಸುದ್ದಿಯನ್ನು ಬರೆದ ವರದಿಗಾರನ ಬೆನ್ನಿಗೆ ಕೊಲೆ ಬೆದರಿಕೆ ಇತ್ತು. ಅವನ ಪತ್ರಿಕೆ ಸರ್ಕಾರಿ ಜಾಹೀರಾತಿನ ದುಡ್ಡಿನಲ್ಲಿ ನಡೆಯುತ್ತಿತ್ತು. ಅವನಿಗೆ ಮಾಹಿತಿ ಕೊಟ್ಟ ಪೊಲೀಸ್ ಅಧಿಕಾರಿ ಇನ್ನಾರ ಸಂಬಳವನ್ನೂ ಪಡೆಯುತ್ತಿದ್ದಿರಬಹುದು. ಅಂದರೆ ಹಿಂಸೆ ಮತ್ತು ಭ್ರಷ್ಟಾಚಾರಗಳ ಕೈಯಿಂದ ಹಾದುಬಂದ ಸುದ್ದಿಯನ್ನೇ ಇಟ್ಟುಕೊಂಡು ನೀವು ಹಿಂಸೆ, ಭ್ರಷ್ಟಾಚಾರಗಳನ್ನು ಅಳೆಯಲು ಹೊರಟಿದ್ದೀರಿ. ಹಾಗಾಗಿ ಪ್ರತಿ ಅಂಕಿಗೂ ಪ್ರತಿ ವರದಿಗೂ ಎರಡು ಪ್ರಶ್ನೆ ಹಾಕಬೇಕು: ಇದನ್ನು ತಯಾರಿಸಿದವರು ಯಾರು? ಇದರಲ್ಲಿ ಏನು ಬಿಟ್ಟುಹೋಗಿದೆ? ಕೆಳಗಿನ ಸಲಹೆಗಳೆಲ್ಲ 3,500ರಿಂದ 4,000 ಪದಗಳ, ಐದಾರು ವಾರದಲ್ಲಿ ಮುಗಿಸಬೇಕಾದ, ಮೆಕ್ಸಿಕೊಗೆ ಹೋಗದೆ ಇಲ್ಲೇ ಕುಳಿತು ಬರೆಯುವ ಪ್ರಬಂಧಕ್ಕೆ.

ಪ್ರಶ್ನೆಯನ್ನು ಕಿರಿದು ಮಾಡಿ

ಒಂದು ಸ್ಥಳ, ಒಂದು ಅವಧಿ, ಒಂದು ಸಂಬಂಧ. ಇಷ್ಟು ನಿರ್ಧಾರವಾಗುವವರೆಗೆ ಒಂದು ಸಾಲನ್ನೂ ಬರೆಯಬೇಡಿ. ‘ಮೆಕ್ಸಿಕೊದಲ್ಲಿ ಕಾರ್ಟೆಲ್ ಹಿಂಸೆ ಮತ್ತು ಮಾಧ್ಯಮ’ ಎನ್ನುವುದು ಪ್ರಶ್ನೆಯಲ್ಲ, ಗ್ರಂಥಾಲಯದ ಕಪಾಟಿನ ಹೆಸರು. ‘ಇಗ್ವಾಲಾದಲ್ಲಿ 43 ವಿದ್ಯಾರ್ಥಿಗಳು ಕಾಣೆಯಾದ ಪ್ರಕರಣದ ಸರ್ಕಾರಿ ವಿವರಣೆಯನ್ನು ಎರಡು ರಾಷ್ಟ್ರೀಯ ದಿನಪತ್ರಿಕೆಗಳು 2014-15ರಲ್ಲಿ ಎಷ್ಟರ ಮಟ್ಟಿಗೆ ಪ್ರಶ್ನಿಸಿದವು?’ ಎನ್ನುವುದು ಪ್ರಶ್ನೆ. ಇದಕ್ಕೆ ಉತ್ತರ ಹುಡುಕಬಹುದು, ಸಿಕ್ಕ ಉತ್ತರ ತಪ್ಪೆಂದು ಇನ್ನೊಬ್ಬರು ತೋರಿಸಲೂಬಹುದು.

ಚೆನ್ನಾಗಿ ಹೊಂದುವ ಬೇರೆ ಪ್ರಕರಣಗಳೂ ಇವೆ. 2010-12ರ ತಮೌಲಿಪಾಸ್ ರಾಜ್ಯ: ಗಲ್ಫ್ ಕಾರ್ಟೆಲ್ ಮತ್ತು ಅದರಿಂದಲೇ ಒಡೆದ ಸೆತಾಸ್ ನಡುವೆ ಯುದ್ಧ ನಡೆಯುತ್ತಿದ್ದಾಗ ಸ್ಥಳೀಯ ಪತ್ರಿಕೆಗಳು ಬಹುತೇಕ ಬಾಯಿ ಮುಚ್ಚಿಕೊಂಡಿದ್ದವು. ಹಾವಿಯೆರ್ ದುಆರ್ತೆ ರಾಜ್ಯಪಾಲನಾಗಿದ್ದ (ಅಲ್ಲಿ ರಾಜ್ಯಪಾಲನೆಂದರೆ ನಮ್ಮ ಮುಖ್ಯಮಂತ್ರಿಯಂತೆ ಚುನಾಯಿತ ಆಡಳಿತಗಾರ) 2010-16ರ ವೆರಾಕ್ರೂಸ್: ‘ಪ್ರೊಸೆಸೊ’ ವಾರಪತ್ರಿಕೆಯ ರೆಜಿನಾ ಮಾರ್ತಿನೆಸ್ 2012ರ ಏಪ್ರಿಲ್‌ನಲ್ಲಿ ಕೊಲೆಯಾದದ್ದು ಅಲ್ಲೇ. 2019ರ ಅಕ್ಟೋಬರ್ 17ರ ಕುಲಿಯಾಕಾನ್: ಎಲ್ ಚಾಪೊನ ಮಗ ಒವಿದಿಯೊನನ್ನು ಸೇನೆ ಹಿಡಿದು, ಊರು ಹೊತ್ತಿ ಉರಿಯತೊಡಗಿದಾಗ ಅದೇ ದಿನ ಬಿಟ್ಟುಕೊಟ್ಟಿತು. ಒಂದೇ ದಿನದ ಘಟನೆಯಾದ್ದರಿಂದ ಸಮಯ ಕಡಿಮೆ ಇರುವವರಿಗೆ ಇದು ಅನುಕೂಲ. ಭಾರತದ ಕೊಂಡಿ ಬೇಕೇಬೇಕು ಎಂದು ಗೈಡ್ ಹೇಳಿದರೆ ಫೆಂಟನಿಲ್ ಎಂಬ ಮಾದಕವಸ್ತು ತಯಾರಿಸುವ ಕಚ್ಚಾ ರಾಸಾಯನಿಕಗಳ ದಾರಿ ಹಿಡಿಯಿರಿ. ಅಮೆರಿಕದ ಮಾದಕವಸ್ತು ನಿಗ್ರಹ ಸಂಸ್ಥೆ ಡಿಇಎಯ ವಾರ್ಷಿಕ ವರದಿಗಳು ಚೀನಾ ಜೊತೆಗೆ ಭಾರತವನ್ನೂ ಹೆಸರಿಸುತ್ತವೆ. ಆದರೆ ಅದು ವ್ಯಾಪಾರ ಮತ್ತು ನಿಯಂತ್ರಣದ ಪ್ರಬಂಧವಾಗುತ್ತದೆ, ಮಾಧ್ಯಮ ವಿಶ್ಲೇಷಣೆಗೆ ಅಷ್ಟಾಗಿ ಒಗ್ಗುವುದಿಲ್ಲ.

ಹಿನ್ನೆಲೆಗೆ 500 ಪದ ಸಾಕು

ಹಿನ್ನೆಲೆಯಲ್ಲಿ ಬರಬೇಕಾದದ್ದು ಕಾರ್ಟೆಲ್‌ಗಳ ಪಟ್ಟಿಯಲ್ಲ, ರಕ್ಷಣೆಯ ವ್ಯವಸ್ಥೆ ಮುರಿದ ಕಥೆ. ಪಿಆರ್‌ಐ ಪಕ್ಷ 71 ವರ್ಷ ಆಳಿ 2000ದಲ್ಲಿ ಅಧ್ಯಕ್ಷ ಸ್ಥಾನ ಕಳೆದುಕೊಂಡಿತು. ಅಲ್ಲಿಯವರೆಗೆ ಲಂಚದ ವ್ಯವಸ್ಥೆ ಮೇಲಿನಿಂದ ಕೆಳಕ್ಕೆ ಒಂದೇ ಸರಪಳಿಯಾಗಿತ್ತು ಎಂಬುದು ಸಂಶೋಧಕರಲ್ಲಿ ಸಾಕಷ್ಟು ಒಪ್ಪಿತವಾದ ಚಿತ್ರ. 1985ರಲ್ಲಿ ಗ್ವಾದಲಹಾರಾದಲ್ಲಿ ಡಿಇಎ ಏಜೆಂಟ್ ಎನ್ರಿಕೆ ಕಮರೇನಾ ಕೊಲೆಯಾದಾಗ ಆ ಸರಪಳಿ ಬಯಲಾಯಿತು. ಡಿಎಫ್‌ಎಸ್ ಎಂಬ ಗುಪ್ತಚರ ಪೊಲೀಸ್ ಸಂಸ್ಥೆಯನ್ನು ಅದೇ ವರ್ಷ ಮುಚ್ಚಬೇಕಾಯಿತು. ರಾಜ್ಯಗಳಲ್ಲೂ ಪುರಸಭೆಗಳಲ್ಲೂ ಪಕ್ಷ ಬದಲಾಗತೊಡಗಿದಾಗ ಹಳೆಯ ಒಪ್ಪಂದಗಳು ಕಡಿದವು, ಗುಂಪುಗಳು ಸ್ವಂತ ಸೇನೆ ಕಟ್ಟಿಕೊಂಡವು. ರಾಜಕೀಯಶಾಸ್ತ್ರಜ್ಞರಾದ ಗಿಲೆರ್ಮೊ ಟ್ರೆಹೊ ಮತ್ತು ಸಾಂಡ್ರಾ ಲೇ ಅವರ ವಾದ ಇದೇ. ಸೇನೆ ಬಿಟ್ಟುಬಂದ ವಿಶೇಷ ಪಡೆಯ ಯೋಧರಿಂದ 1990ರ ದಶಕದ ಕೊನೆಯಲ್ಲಿ ಸೆತಾಸ್ ಹುಟ್ಟಿದ್ದು ಈ ಕಾಲದಲ್ಲೇ.

2006ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಫೆಲಿಪೆ ಕಾಲ್ದೆರೋನ್ ಮಿಚೊಆಕಾನ್ ರಾಜ್ಯಕ್ಕೆ ಸೇನೆ ಕಳಿಸಿದರು. ಅಲ್ಲಿಂದಾಚೆಗೆ ಹಿಂಸೆ ಏರಿದ್ದಕ್ಕೆ ಸೇನಾ ಕಾರ್ಯಾಚರಣೆಯೇ ಕಾರಣವೇ ಎಂಬ ಚರ್ಚೆಯಲ್ಲಿ ಅರ್ಥಶಾಸ್ತ್ರಜ್ಞೆ ಮೆಲಿಸ್ಸಾ ಡೆಲ್ ಅವರ 2015ರ ಅಧ್ಯಯನವನ್ನು ಓದದೆ ಮುಂದೆ ಹೋಗಬೇಡಿ. ಕಾಲ್ದೆರೋನ್ ಅವರ ಪಾನ್ ಪಕ್ಷ ಕೂದಲೆಳೆಯಲ್ಲಿ ಗೆದ್ದ ಪುರಸಭೆಗಳನ್ನು ಕೂದಲೆಳೆಯಲ್ಲಿ ಸೋತ ಪುರಸಭೆಗಳ ಪಕ್ಕದಲ್ಲಿಟ್ಟು, ಗೆದ್ದ ಕಡೆ ಹಿಂಸೆ ಹೆಚ್ಚಾದದ್ದನ್ನು ಅದು ತೋರಿಸುತ್ತದೆ. ಎರಡೂ ಬಗೆಯ ಊರುಗಳು ಮೊದಲಿಗೆ ಒಂದೇ ಥರ ಇದ್ದವಲ್ಲ, ಹಾಗಾಗಿ ಹೋಲಿಕೆಗೆ ತೂಕ ಬರುತ್ತದೆ. ‘ಸೇನೆ ಬಂತು, ಕೊಲೆ ಹೆಚ್ಚಿತು’ ಎಂದು ಎರಡು ಘಟನೆಗಳನ್ನು ಅಕ್ಕಪಕ್ಕ ಇಡುವುದಕ್ಕೂ ಇದಕ್ಕೂ ಇರುವ ಅಂತರ ನಿಮ್ಮ ಪ್ರಬಂಧದಲ್ಲೂ ಕಾಣಬೇಕು.

ಬಣ್ಣ ಬಳಿದ ಕಾರ್ಟೆಲ್ ನಕ್ಷೆ ಹಾಕುವ ಆಸೆ ಎಲ್ಲರಿಗೂ ಇರುತ್ತದೆ. ಆ ಬಣ್ಣ ಹೇಳುವುದು ಗುಂಪೊಂದು ಅಲ್ಲಿ ಇದೆ ಎಂಬ ಅಂದಾಜನ್ನು ಮಾತ್ರ. ಅಲ್ಲಿ ಅದರದೇ ಆಳ್ವಿಕೆ ಎಂದಲ್ಲ. ಹಾಕುವುದಾದರೆ ನಕ್ಷೆ ತಯಾರಿಸಿದ ಸಂಸ್ಥೆ ಮತ್ತು ವರ್ಷವನ್ನು ಚಿತ್ರದ ಕೆಳಗೇ ಬರೆಯಿರಿ.

ಕೊಲೆಯ ಲೆಕ್ಕ

ಅಂಕಗಳು ಹೆಚ್ಚಾಗಿ ಸೋರಿಹೋಗುವುದು ಈ ಭಾಗದಲ್ಲಿ. ಮೆಕ್ಸಿಕೊದಲ್ಲಿ ಕೊಲೆಗೆ ಎರಡು ಅಧಿಕೃತ ಲೆಕ್ಕಗಳಿವೆ. ಅಂಕಿಅಂಶ ಸಂಸ್ಥೆ ಇನೆಗಿ ಮರಣಪತ್ರಗಳಿಂದ ಎಣಿಸುತ್ತದೆ. ಸಾರ್ವಜನಿಕ ಭದ್ರತಾ ವ್ಯವಸ್ಥೆಯ ಕಾರ್ಯದರ್ಶಿ ಕಚೇರಿ, ಅಂದರೆ ಎಸ್‌ಇಎಸ್‌ಎನ್‌ಎಸ್‌ಪಿ, ಪ್ರಾಸಿಕ್ಯೂಟರ್‌ಗಳು ತೆರೆದ ತನಿಖಾ ಕಡತಗಳಿಂದ ಎಣಿಸುತ್ತದೆ. ಎರಡೂ ಸರಿ, ಆದರೆ ಎರಡೂ ಒಂದೇ ಅಲ್ಲ. 2010ರವರೆಗೆ ಇನೆಗಿ ಅಂಕಿ, ಆಮೇಲೆ ಇನ್ನೊಂದರ ಅಂಕಿ ಎಂದು ಒಂದೇ ಗೆರೆಯಲ್ಲಿ ಹೊಲಿದರೆ ಹೊಲಿಗೆಯ ಜಾಗದಲ್ಲಿ ಇಲ್ಲದ ಏರಿಳಿತ ಹುಟ್ಟಿಕೊಳ್ಳುತ್ತದೆ. ದೀರ್ಘಾವಧಿಯ ಚಿತ್ರಕ್ಕೆ ಇನೆಗಿ, ಈಚಿನ ತಿಂಗಳುಗಳಿಗೆ ಎಸ್‌ಇಎಸ್‌ಎನ್‌ಎಸ್‌ಪಿ ಎಂದು ಇಟ್ಟುಕೊಳ್ಳಿ.

ಕಡತದ ಲೆಕ್ಕದಲ್ಲಿ ಮೂರು ಹಳ್ಳಗಳಿವೆ. ಮೊದಲನೆಯದು, ಪ್ರಕರಣಗಳ ಸಂಖ್ಯೆ ಬೇರೆ, ಸತ್ತವರ ಸಂಖ್ಯೆ ಬೇರೆ. 2010ರ ಆಗಸ್ಟ್‌ನಲ್ಲಿ ತಮೌಲಿಪಾಸ್‌ನ ಸಾನ್ ಫೆರ್ನಾಂದೊದಲ್ಲಿ 72 ವಲಸಿಗರನ್ನು ಒಟ್ಟಿಗೆ ಕೊಂದರು. ಅಂಥದ್ದು ಒಂದೇ ಕಡತವಾಗಿ ದಾಖಲಾದರೆ ಪ್ರಕರಣದ ಕಾಲಂನಲ್ಲಿ 1 ಎಂದಷ್ಟೇ ಕಾಣುತ್ತದೆ. ಎರಡನೆಯದು, ಉದ್ದೇಶಪೂರ್ವಕ ಕೊಲೆಯ ಜೊತೆಗೆ ನಿರ್ಲಕ್ಷ್ಯದ ಸಾವುಗಳೂ ‘ಹೊಮಿಸಿದಿಯೊ’ ಎಂಬ ಶೀರ್ಷಿಕೆಯಡಿ ಬರುತ್ತವೆ, ಇವುಗಳಲ್ಲಿ ಬಹುಪಾಲು ರಸ್ತೆ ಅಪಘಾತ. ‘ದೊಲೋಸೊ’ (ಉದ್ದೇಶಪೂರ್ವಕ) ಎಂದಿರುವ ಸಾಲನ್ನು ಮಾತ್ರ ತೆಗೆದುಕೊಳ್ಳಿ. ಮೂರನೆಯದು, ಸ್ತ್ರೀಹತ್ಯೆಗೆ ಪ್ರತ್ಯೇಕ ವರ್ಗವಿದೆ. ಒಟ್ಟು ಕೊಲೆ ಎನ್ನುವಾಗ ಅದನ್ನು ಕೂಡಿಸಲೇಬೇಕು, ಕೂಡಿಸಿದ್ದೇವೆ ಎಂದು ಬರೆಯಲೂಬೇಕು.

ಇನ್ನು ಆರಂಭದ ವರ್ಷ. ಇನೆಗಿ ಪ್ರಕಾರ 2007ರಲ್ಲಿ 8,867 ಕೊಲೆ, 2011ರಲ್ಲಿ 27,213, 2014ರಲ್ಲಿ 20,010, 2018ರಲ್ಲಿ 36,685. ಲಕ್ಷ ಜನಕ್ಕೆ ಲೆಕ್ಕ ಹಾಕಿದರೆ 2007ರ ಸುಮಾರು 8 ಎಂಬುದು 2018ಕ್ಕೆ 29ರ ಹತ್ತಿರ ಬರುತ್ತದೆ. 2007 ದಶಕಗಳಲ್ಲೇ ಅತಿ ಕಡಿಮೆ ಕೊಲೆಯ ವರ್ಷ. ಅಲ್ಲಿಂದ ಶುರು ಮಾಡಿದರೆ ಏರಿಕೆ ಭೀಕರವಾಗಿ ಕಾಣುತ್ತದೆ. 2011ರಿಂದ 2014ರವರೆಗೆ ಮಾತ್ರ ತೋರಿಸಿದರೆ ಶಾಂತಿ ಬಂದಂತೆ ಕಾಣುತ್ತದೆ. ಎರಡೂ ಬಗೆಯ ಗ್ರಾಫ್‌ಗಳನ್ನು ರಾಜಕಾರಣಿಗಳು ಬೇಕಾದಷ್ಟು ಬಳಸಿದ್ದಾರೆ. ನೀವು 1990ರಿಂದಲೇ ಗೆರೆ ಎಳೆಯಿರಿ, ಜಾಗ ಉಳಿಸಲು ಹೋಗಬೇಡಿ.

ಇದೆಲ್ಲದಕ್ಕಿಂತ ದೊಡ್ಡ ತಪ್ಪು ಒಂದಿದೆ. ಮರಣಪತ್ರದಲ್ಲಿ ಕಾರ್ಟೆಲ್ ಎಂಬ ಕಾಲಂ ಇಲ್ಲ. ಇನೆಗಿಯ ಅಂಕಿಯಲ್ಲಿ ಆಸ್ತಿ ಜಗಳವೂ ಇದೆ, ಗಂಡ ಹೆಂಡತಿಯನ್ನು ಕೊಂದದ್ದೂ ಇದೆ, ಪೊಲೀಸರು ಕೊಂದದ್ದೂ ಇದೆ. ‘ಕಾರ್ಟೆಲ್‌ಗಳು ಇಷ್ಟು ಲಕ್ಷ ಜನರನ್ನು ಕೊಂದವು’ ಎಂಬ ವಾಕ್ಯಕ್ಕೆ ಆಧಾರವಿರುವುದಿಲ್ಲ. ಕಾಲ್ದೆರೋನ್ ಸರ್ಕಾರ ಒಮ್ಮೆ ಪ್ರತ್ಯೇಕ ಪಟ್ಟಿ ಮಾಡಿತ್ತು: 2006ರ ಡಿಸೆಂಬರ್‌ನಿಂದ 2011ರ ಸೆಪ್ಟೆಂಬರ್‌ವರೆಗೆ ‘ಅಪರಾಧಿ ಗುಂಪುಗಳ ಪೈಪೋಟಿಗೆ ಸಂಬಂಧಿಸಿದ್ದೆಂದು ಊಹಿಸಲಾದ’ 47,515 ಸಾವುಗಳು. ಆ ಊಹೆ ಮಾಡಿದವರು ಯಾರು? ಸ್ವತಃ ಯುದ್ಧದಲ್ಲಿ ಒಂದು ಪಕ್ಷವಾಗಿದ್ದ ಭದ್ರತಾ ಇಲಾಖೆಗಳು. ಕೊಲೆಯಾದವನನ್ನು ‘ಅವನೂ ಗುಂಪಿನವನೇ’ ಎಂದು ಬರೆದುಬಿಟ್ಟರೆ ತನಿಖೆಯ ತಲೆನೋವು ಇಲ್ಲ. ‘ರೆಫೋರ್ಮಾ’, ‘ಮಿಲೆನಿಯೊ’ ಪತ್ರಿಕೆಗಳೂ ತಮ್ಮದೇ ಲೆಕ್ಕ ಇಟ್ಟಿದ್ದವು, ಅವಕ್ಕೂ ವರದಿಗಾರ ಮುಟ್ಟದ ಊರು ಕಾಣದು.

ಕಾಣೆಯಾದವರು ಕೊಲೆಯ ಲೆಕ್ಕಕ್ಕೆ ಸೇರುವುದಿಲ್ಲ. ಕಾಣೆಯಾದವರ ರಾಷ್ಟ್ರೀಯ ನೋಂದಣಿ 2022ರ ಮೇ ತಿಂಗಳಲ್ಲಿ 1,00,000 ದಾಟಿತು. ಒಂದು ರಾಜ್ಯದಲ್ಲಿ ಕೊಲೆ ಇಳಿದು ಕಾಣೆಯಾದವರ ಸಂಖ್ಯೆ ಏರಿದ್ದರೆ ಅದನ್ನು ಸುಧಾರಣೆ ಎನ್ನಲಾಗದು, ಹೆಣ ಸಿಗದಂತೆ ಮಾಡುತ್ತಿದ್ದಾರೆ ಎಂದೂ ಅರ್ಥವಿರಬಹುದು. ಎರಡು ಗೆರೆಗಳನ್ನೂ ಒಂದೇ ಪುಟದಲ್ಲಿ ಹಾಕಿ.

ಬಂದೂಕಿನ ಲೆಕ್ಕದಲ್ಲೂ ಇಂಥದೇ ಎಡವಟ್ಟು. ‘ಮೆಕ್ಸಿಕೊದ 70% ಬಂದೂಕು ಅಮೆರಿಕದವು’ ಎಂದು ಎಲ್ಲರೂ ಬರೆಯುತ್ತಾರೆ. 2009-14ರ ಆ ಅಂಕಿ ವಶಪಡಿಸಿಕೊಂಡು ಮೂಲ ಪತ್ತೆಗೆ ಅಮೆರಿಕಕ್ಕೆ ಕಳಿಸಿದ ಬಂದೂಕುಗಳದ್ದು, ದೇಶದಲ್ಲಿರುವ ಎಲ್ಲ ಬಂದೂಕುಗಳದ್ದಲ್ಲ. ‘ಪತ್ತೆಗೆ ಕಳಿಸಿದವುಗಳಲ್ಲಿ’ ಎಂಬ ಎರಡು ಪದ ಸೇರಿಸಿದರೆ ವಾಕ್ಯ ನಿಜವಾಗುತ್ತದೆ.

ಭ್ರಷ್ಟಾಚಾರವನ್ನು ಬರೆಯುವಾಗ

ಬೇಲಿಯೇ ಎದ್ದು ಹೊಲ ಮೇಯಿತು ಎಂದು ಬರೆದು ಮುಗಿಸಬೇಡಿ. ಯಾವ ಬೇಲಿ? ಪುರಸಭೆ ಪೊಲೀಸ್, ರಾಜ್ಯ ಪೊಲೀಸ್, ಕೇಂದ್ರ ಪೊಲೀಸ್, ಸೇನೆ, ನೌಕಾಪಡೆ, ಪ್ರಾಸಿಕ್ಯೂಟರ್, ಜೈಲಧಿಕಾರಿ, ಮೇಯರ್, ರಾಜ್ಯಪಾಲ. ಇವರಲ್ಲಿ ಒಬ್ಬೊಬ್ಬರು ಮಾರುವ ಸರಕೇ ಬೇರೆ. ಪುರಸಭೆ ಪೊಲೀಸನು ಕಣ್ಣು ಮುಚ್ಚಿಕೊಳ್ಳುವುದನ್ನು ಮಾರುತ್ತಾನೆ, ಕೆಲವೊಮ್ಮೆ ಜನರನ್ನೇ ಹಿಡಿದು ಒಪ್ಪಿಸುತ್ತಾನೆ. ಮೇಲಿನ ಅಧಿಕಾರಿ ದಾಳಿಯ ಮಾಹಿತಿಯನ್ನೂ ಎದುರಾಳಿ ಗುಂಪಿನ ಮೇಲೆ ದಾಳಿಯನ್ನೂ ಮಾರುತ್ತಾನೆ. ರಾಜ್ಯಪಾಲನ ಬಳಿ ನೇಮಕಾತಿ, ಗುತ್ತಿಗೆ ಮತ್ತು ಪತ್ರಿಕೆಗಳ ಜಾಹೀರಾತು ಇರುತ್ತವೆ. ನಿಮ್ಮ ಪ್ರಕರಣದಲ್ಲಿ ಯಾವ ಹಂತ, ಯಾವ ಸರಕು ಎಂದು ಒಂದು ವಾಕ್ಯದಲ್ಲಿ ಹೇಳಲಾಗದಿದ್ದರೆ ಇನ್ನೂ ಓದಬೇಕಿದೆ ಎಂದರ್ಥ.

ಆಮೇಲೆ ಪುರಾವೆಯ ದರ್ಜೆ. ನ್ಯಾಯಾಲಯದ ತೀರ್ಪು, ತಪ್ಪೊಪ್ಪಿಗೆ, ಆರೋಪಪಟ್ಟಿ, ಶಿಕ್ಷೆ ಕಡಿತದ ಆಸೆಯಿಂದ ಬಂದ ಸಹಆರೋಪಿಯ ಸಾಕ್ಷ್ಯ, ಹೆಸರಿಲ್ಲದ ಮೂಲದ ಪತ್ರಿಕಾ ವರದಿ. ಈ ಐದನ್ನೂ ಒಂದೇ ಕ್ರಿಯಾಪದದಲ್ಲಿ ಬರೆಯುವುದು ದೊಡ್ಡ ತಪ್ಪು. ಮೂರು ಪ್ರಕರಣಗಳನ್ನು ಪಕ್ಕಪಕ್ಕ ಇಟ್ಟರೆ ಗೊತ್ತಾಗುತ್ತದೆ. 2006-12ರ ಭದ್ರತಾ ಸಚಿವ ಹೆನಾರೊ ಗಾರ್ಸಿಯಾ ಲೂನಾ 2019ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಬಂಧಿತನಾಗಿ, 2023ರ ಫೆಬ್ರವರಿಯಲ್ಲಿ ಬ್ರೂಕ್ಲಿನ್ ನ್ಯಾಯಾಲಯದಲ್ಲಿ ಅಪರಾಧಿಯೆಂದು ಸಾಬೀತಾಗಿ, 2024ರಲ್ಲಿ 38 ವರ್ಷಕ್ಕೂ ಹೆಚ್ಚಿನ ಶಿಕ್ಷೆ ಪಡೆದ. ಇಲ್ಲಿ ‘ಸಿನಾಲೋವಾ ಕಾರ್ಟೆಲ್‌ನಿಂದ ಲಂಚ ಪಡೆದ’ ಎಂದು ನೇರವಾಗಿ ಬರೆಯಬಹುದು. ಮಾಜಿ ರಕ್ಷಣಾ ಸಚಿವ ಜನರಲ್ ಸಾಲ್ವದೊರ್ ಸಿಯೆನ್‌ಫ್ವೆಗೊಸ್ 2020ರ ಅಕ್ಟೋಬರ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಬಂಧಿತರಾದರು. ಮರುತಿಂಗಳೇ ಅಮೆರಿಕ ಆರೋಪ ಕೈಬಿಟ್ಟಿತು, 2021ರ ಜನವರಿಯಲ್ಲಿ ಮೆಕ್ಸಿಕೊ ಪ್ರಾಸಿಕ್ಯೂಟರ್ ಮೊಕದ್ದಮೆ ಹೂಡುವುದಿಲ್ಲ ಎಂದರು. ಇವರ ಬಗ್ಗೆ ‘ಆರೋಪ ಹೊರಿಸಿ ಹಿಂಪಡೆಯಲಾಯಿತು’ ಎಂಬುದರ ಆಚೆಗೆ ಒಂದಕ್ಷರವನ್ನೂ ಬರೆಯಬಾರದು. ತಮೌಲಿಪಾಸ್‌ನ ಮಾಜಿ ರಾಜ್ಯಪಾಲ ತೊಮಾಸ್ ಯಾರಿಂಗ್ಟನ್ 2021ರಲ್ಲಿ ತಪ್ಪೊಪ್ಪಿಕೊಂಡದ್ದು ಅಕ್ರಮ ಹಣ ವರ್ಗಾವಣೆಯ ಸಂಚಿಗೆ. ಅವನನ್ನು ‘ಮಾದಕವಸ್ತು ಸಾಗಣೆಯಲ್ಲಿ ಶಿಕ್ಷೆಗೊಳಗಾದ ರಾಜ್ಯಪಾಲ’ ಎಂದರೆ ತಪ್ಪಾಗುತ್ತದೆ.

ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಷನಲ್ ಸೂಚ್ಯಂಕವನ್ನು (2024ರಲ್ಲಿ ಮೆಕ್ಸಿಕೊಗೆ 100ಕ್ಕೆ 26) ಎಲ್ಲರೂ ಪೀಠಿಕೆಗೆ ತರುತ್ತಾರೆ. ಅದು ತಜ್ಞರು ಮತ್ತು ಉದ್ಯಮಿಗಳ ಅಭಿಪ್ರಾಯದ ಅಂಕ, ಇಡೀ ದೇಶಕ್ಕೆ ಒಂದೇ ಅಂಕ. ಇಗ್ವಾಲಾದ ಪೊಲೀಸ್ ಠಾಣೆಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಅದರ ಬದಲು ಇನೆಗಿಯ ವಾರ್ಷಿಕ ಸಂತ್ರಸ್ತರ ಸಮೀಕ್ಷೆ ನೋಡಿ: ದೂರು ದಾಖಲಾಗದ ಅಥವಾ ತನಿಖೆ ಆರಂಭವಾಗದ ಅಪರಾಧಗಳ ಪಾಲು ವರ್ಷದಿಂದ ವರ್ಷಕ್ಕೆ 90%ಕ್ಕಿಂತ ಮೇಲೆಯೇ ಇದೆ. ಜನ ಠಾಣೆಗೆ ಹೋಗುವುದೇ ಇಲ್ಲ ಎಂಬುದು ಸೂಚ್ಯಂಕಕ್ಕಿಂತ ಗಟ್ಟಿಯಾದ ಮಾತು.

ಭ್ರಷ್ಟಾಚಾರ ಮತ್ತು ಮಾಧ್ಯಮದ ಗಂಟು ಎಲ್ಲಿದೆ ಎಂದು ತೋರಿಸಲು ಸರ್ಕಾರಿ ಜಾಹೀರಾತಿನ ಹಣಕ್ಕಿಂತ ಒಳ್ಳೆಯ ಜಾಗವಿಲ್ಲ. 1982ರಲ್ಲಿ ಅಧ್ಯಕ್ಷ ಹೊಸೆ ಲೋಪೆಸ್ ಪೊರ್ತಿಯೊ ‘ಪ್ರೊಸೆಸೊ’ಗೆ ಜಾಹೀರಾತು ನಿಲ್ಲಿಸಿ, ಹೊಡೆಸಿಕೊಳ್ಳಲು ನಾನು ದುಡ್ಡು ಕೊಡುವುದಿಲ್ಲ ಎಂದಿದ್ದರು. ರಾಜ್ಯ ಮಟ್ಟದ ಸಣ್ಣ ಪತ್ರಿಕೆಗಳಿಗೆ ಆ ಮಾತು ಇಂದಿಗೂ ನಿತ್ಯದ ಅನುಭವ.

ಮಾಧ್ಯಮ ವಿಶ್ಲೇಷಣೆ: ಇಗ್ವಾಲಾ ಪ್ರಕರಣವನ್ನೇ ಹಿಡಿದು

ಘಟನೆ ಇಷ್ಟು. 2014ರ ಸೆಪ್ಟೆಂಬರ್ 26ರ ರಾತ್ರಿ ಗೆರೆರೊ ರಾಜ್ಯದ ಇಗ್ವಾಲಾದಲ್ಲಿ ಅಯೊತ್ಸಿನಾಪಾ ಗ್ರಾಮೀಣ ಶಿಕ್ಷಕ ತರಬೇತಿ ಶಾಲೆಯ ವಿದ್ಯಾರ್ಥಿಗಳು ಪ್ರಯಾಣಿಸುತ್ತಿದ್ದ ಬಸ್ಸುಗಳ ಮೇಲೆ ದಾಳಿ ನಡೆಯಿತು. ಆರು ಜನ ಸತ್ತರು, 43 ವಿದ್ಯಾರ್ಥಿಗಳು ಕಾಣೆಯಾದರು. 2015ರ ಜನವರಿ 27ರಂದು ಅಟಾರ್ನಿ ಜನರಲ್ ಹೆಸುಸ್ ಮುರಿಯೊ ಕರಾಮ್, ಪುರಸಭೆ ಪೊಲೀಸರು ಅವರನ್ನು ಗೆರೆರೊಸ್ ಉನಿದೊಸ್ ಗುಂಪಿಗೆ ಒಪ್ಪಿಸಿದರು, ಗುಂಪು ಕೊಕುಲಾದ ಕಸದ ತಿಪ್ಪೆಯಲ್ಲಿ ಸುಟ್ಟಿತು, ಇದೇ ‘ಐತಿಹಾಸಿಕ ಸತ್ಯ’ ಎಂದು ಘೋಷಿಸಿದರು. ಅಂತರ್‌ಅಮೆರಿಕನ್ ಮಾನವ ಹಕ್ಕು ಆಯೋಗ ನೇಮಿಸಿದ ಸ್ವತಂತ್ರ ತಜ್ಞರು 2015ರ ಸೆಪ್ಟೆಂಬರ್ 6ರ ವರದಿಯಲ್ಲಿ, ಅಷ್ಟು ದೊಡ್ಡ ಬೆಂಕಿ ಅಲ್ಲಿ ಉರಿದ ಪುರಾವೆಯೇ ಇಲ್ಲ ಎಂದರು. 2022ರ ಆಗಸ್ಟ್‌ನಲ್ಲಿ ಸರ್ಕಾರದ ಸತ್ಯ ಆಯೋಗ ಇದನ್ನು ಪ್ರಭುತ್ವದ ಅಪರಾಧ ಎಂದು ಕರೆಯಿತು, ಅದೇ ತಿಂಗಳು ಮುರಿಯೊ ಕರಾಮ್ ಬಂಧನವಾಯಿತು.

ಮಾಧ್ಯಮ ಅಧ್ಯಯನಕ್ಕೆ ಇದು ಹೇಳಿಮಾಡಿಸಿದ ಪ್ರಕರಣ. ಸರ್ಕಾರಿ ಕಥನ ಹುಟ್ಟಿದ ದಿನವೂ ಬಿದ್ದ ದಿನವೂ ಖಚಿತವಾಗಿ ಗೊತ್ತಿವೆ. ಮೂರು ಅವಧಿ ಆರಿಸಿ: ಘಟನೆಯ ನಂತರದ 14 ದಿನ, ಜನವರಿ 27ರ ನಂತರದ 14 ದಿನ, ಸೆಪ್ಟೆಂಬರ್ 6ರ ನಂತರದ 14 ದಿನ. ಮುದ್ರಿತ ಪತ್ರಿಕೆ ಮರುದಿನ ಬರುತ್ತದೆ, ರಾತ್ರಿ ನಡೆದ ದಾಳಿಯ ಸುದ್ದಿಗೆ ಇನ್ನೂ ಒಂದು ದಿನ ತಡ; ಹಾಗಾಗಿ ಎಣಿಕೆ ಸೆಪ್ಟೆಂಬರ್ 28, ಜನವರಿ 28 ಮತ್ತು ಸೆಪ್ಟೆಂಬರ್ 7ನೇ ತಾರೀಖಿನಿಂದ. ಎರಡು ಪತ್ರಿಕೆ ಸಾಕು. ಎಡಪಂಥೀಯ ‘ಲಾ ಹೊರ್ನಾದಾ’ದ ಹಳೆಯ ಸಂಚಿಕೆಗಳು ಅಂತರ್ಜಾಲದಲ್ಲಿ ಉಚಿತ, ಅದರ ಎದುರಿಗೆ ‘ರೆಫೋರ್ಮಾ’ ಅಥವಾ ‘ಎಲ್ ಉನಿವೆರ್ಸಾಲ್’ ಇಡಬಹುದು. ‘ರೆಫೋರ್ಮಾ’ಗೆ ಚಂದಾ ಬೇಕು, ವಿಶ್ವವಿದ್ಯಾಲಯದ ದತ್ತಸಂಚಯದಲ್ಲಿ ಸಿಗುತ್ತದೆಯೇ ಎಂದು ಮೊದಲ ವಾರದಲ್ಲೇ ನೋಡಿ. 14 ದಿನ, 3 ಅವಧಿ, 2 ಪತ್ರಿಕೆ: 84 ಸಂಚಿಕೆ. ಒಂದೊಂದರ ಮುಖಪುಟದಿಂದ ಹೆಚ್ಚೆಂದರೆ ಎರಡು ಸುದ್ದಿ. 120-130 ಸುದ್ದಿ ಕೈಗೆ ಬರುತ್ತದೆ ಎಂದುಕೊಳ್ಳಿ, ಒಂದಕ್ಕೆ 10 ನಿಮಿಷ ಹಿಡಿದರೆ ಸುಮಾರು 22 ಗಂಟೆ. ಸ್ಪ್ಯಾನಿಷ್ ನಿಧಾನವಾದವರು ಇದನ್ನು ದುಪ್ಪಟ್ಟು ಮಾಡಿಕೊಳ್ಳಲಿ ಅಥವಾ ದಿನಗಳನ್ನು ಏಳಕ್ಕೆ ಇಳಿಸಲಿ. ಇಡೀ ವರ್ಷದ ಪ್ರವೃತ್ತಿ ನೋಡುವವರಿಗೆ ಬೇರೆ ವಿಧಾನವಿದೆ: ವರ್ಷದ ಎಲ್ಲ ಸೋಮವಾರಗಳಿಂದ ಚೀಟಿ ಎತ್ತಿ ಎರಡು, ಮಂಗಳವಾರಗಳಿಂದ ಎರಡು, ಹೀಗೆ ಒಟ್ಟು 14 ದಿನ. ಸಾಲಾಗಿ ಎರಡು ವಾರ ತೆಗೆದುಕೊಂಡರೆ ಆ ವಾರದ ಒಂದು ದೊಡ್ಡ ಘಟನೆ ಎಲ್ಲವನ್ನೂ ನುಂಗುತ್ತದೆ.

ಕೋಡ್ ಪಟ್ಟಿ, ಅಂದರೆ ಪ್ರತಿ ಸುದ್ದಿಗೂ ಹಾಕಿ ಉತ್ತರ ಗುರುತಿಸುವ ಪ್ರಶ್ನೆಗಳ ಪಟ್ಟಿ, ಚಿಕ್ಕದಿರಲಿ, ಆರೇಳು ಪ್ರಶ್ನೆ. ಶೀರ್ಷಿಕೆಯಲ್ಲಿ ಕ್ರಿಯೆಯ ಕರ್ತೃ ಯಾರು: ಪೊಲೀಸ್, ಸೇನೆ, ಗುಂಪು, ಅಥವಾ ಯಾರೂ ಇಲ್ಲವೇ? (‘43 ಮಂದಿ ನಾಪತ್ತೆ’ ಎಂಬಲ್ಲಿ ಕರ್ತೃ ಮಾಯವಾಗಿರುತ್ತಾನೆ.) ಮೊದಲ ಮೂರು ಪ್ಯಾರಾಗಳಲ್ಲಿ ಮಾತಾಡಿದ ಮೊದಲ ಮೂಲ ಯಾವುದು: ಸರ್ಕಾರ, ಕುಟುಂಬ, ಸ್ವತಂತ್ರ ತಜ್ಞ, ಹೆಸರಿಲ್ಲದ ಅಧಿಕಾರಿ? ಸರ್ಕಾರದ ಹೇಳಿಕೆಯನ್ನು ‘ಅಟಾರ್ನಿ ಜನರಲ್ ಪ್ರಕಾರ’ ಎಂದು ಬರೆದಿದ್ದಾರೋ, ನಡೆದ ಸಂಗತಿಯೆಂಬಂತೆ ಬರೆದಿದ್ದಾರೋ? ಹೊಣೆ ಯಾವ ಮಟ್ಟಕ್ಕೆ ನಿಲ್ಲುತ್ತದೆ: ಮೇಯರ್‌ಗೆ, ರಾಜ್ಯಕ್ಕೆ, ಕೇಂದ್ರಕ್ಕೆ, ಸೇನೆಗೆ? ಈ ಪ್ರಕರಣದಲ್ಲಿ ಕೊನೆಯದೇ ನಿರ್ಣಾಯಕ. ಸರ್ಕಾರಿ ಕಥನದ ಕೆಲಸವೇ ಹೊಣೆಯನ್ನು ಪುರಸಭೆಯ ಗಡಿಯೊಳಗೆ ಕಟ್ಟಿಹಾಕುವುದಾಗಿತ್ತು. ಚೌಕಟ್ಟು ವಿಶ್ಲೇಷಣೆಗೆ (ಸುದ್ದಿ ಘಟನೆಯನ್ನು ಯಾವ ನೋಟದಲ್ಲಿ ಕಟ್ಟಿಕೊಡುತ್ತದೆ ಎಂಬುದಕ್ಕೆ) ಸಂವಹನ ವಿದ್ವಾಂಸ ರಾಬರ್ಟ್ ಎಂಟ್‌ಮನ್ 1993ರಲ್ಲಿ ಕೊಟ್ಟ ನಾಲ್ಕು ಕೆಲಸಗಳನ್ನು ಬಳಸಿ: ಸಮಸ್ಯೆ ಏನು, ಕಾರಣ ಯಾರು, ನೈತಿಕ ತೀರ್ಮಾನ ಏನು, ಪರಿಹಾರ ಏನು. ಒಂದು ಸುದ್ದಿಯಲ್ಲಿ ನಾಲ್ಕೂ ಇರಬೇಕೆಂದಿಲ್ಲ, ‘ಇಲ್ಲ’ ಎಂಬ ಕೋಡ್ ಇಡಲು ಮರೆಯಬೇಡಿ.

ಪ್ರತಿ ಕೋಡ್‌ಗೂ ಒಂದು ನಿಯಮ ಬರೆದಿಡಿ, ಅಡ್ಡಗೋಡೆಯ ಮೇಲೆ ಕುಳಿತ ಉದಾಹರಣೆಯನ್ನೂ ಸೇರಿಸಿ. ಮೊದಲು 10 ಸುದ್ದಿ ಪ್ರಯೋಗಕ್ಕೆ ಕೋಡ್ ಮಾಡಿ, ನಿಯಮ ತಿದ್ದಿ, ಆ 10ನ್ನು ಅಂತಿಮ ಲೆಕ್ಕದಿಂದ ತೆಗೆದುಬಿಡಿ. ಆಮೇಲೆ ಒಟ್ಟು ಸುದ್ದಿಯ ಕನಿಷ್ಠ 10% ಭಾಗವನ್ನು ಸಹಪಾಠಿಯೊಬ್ಬರು ನಿಮ್ಮನ್ನು ಕೇಳದೆ ಕೋಡ್ ಮಾಡಲಿ.

ಇಬ್ಬರೂ 90% ಒಪ್ಪಿದ್ದೇವೆ ಎಂದು ಬರೆದು ನಿಲ್ಲಿಸಬೇಡಿ. 20 ಸುದ್ದಿಗಳಲ್ಲಿ ‘ಸೇನೆಯ ಹೊಣೆ ಪ್ರಸ್ತಾಪವಾಗಿದೆ’ ಎಂಬ ಕೋಡ್ ಇದೆ ಎನ್ನಿ. ಇಬ್ಬರೂ ‘ಇಲ್ಲ’ ಎಂದದ್ದು 17, ಇಬ್ಬರೂ ‘ಹೌದು’ ಎಂದದ್ದು 1, ಭಿನ್ನಾಭಿಪ್ರಾಯ 2 (ಒಬ್ಬೊಬ್ಬರ ‘ಹೌದು’ ಒಂದೊಂದು). ಒಪ್ಪಿಗೆ 0.90. ಆದರೆ ಇಬ್ಬರೂ 20ರಲ್ಲಿ ಎರಡಕ್ಕೆ ಮಾತ್ರ ‘ಹೌದು’ ಎನ್ನುವವರಾದ್ದರಿಂದ ಬರೀ ಆಕಸ್ಮಿಕವಾಗಿಯೇ 0.01 + 0.81 = 0.82ರಷ್ಟು ಒಪ್ಪಿಗೆ ಬರುತ್ತದೆ. ಆಕಸ್ಮಿಕ ಒಪ್ಪಿಗೆಯನ್ನು ಕಳೆದು ಅಳೆಯುವ ಕೋಹೆನ್ ಕಪ್ಪಾ = (0.90 − 0.82) ÷ (1 − 0.82) = 0.44. ಇದು ದುರ್ಬಲ. ಅಪರೂಪದ ಕೋಡ್‌ಗಳಲ್ಲಿ ಹೆಚ್ಚಾಗಿ ಹೀಗೆಯೇ ಆಗುತ್ತದೆ, ಈ ವಿಷಯದಲ್ಲಿ ಮುಖ್ಯವಾದ ಕೋಡ್‌ಗಳೇ ಅಪರೂಪದವು. ನಿಯಮವನ್ನು ಬಿಗಿ ಮಾಡಿ ಹೊಸ ಸುದ್ದಿಗಳ ಮೇಲೆ ಮತ್ತೆ ಪರೀಕ್ಷಿಸಿ. 0.80ರ ಆಸುಪಾಸಿಗೆ ಬಂದರೆ ನಿಶ್ಚಿಂತೆ, 0.67ಕ್ಕಿಂತ ಕೆಳಗಿದ್ದರೆ ಆ ಕೋಡಿನ ಮೇಲೆ ತೀರ್ಮಾನ ಕಟ್ಟಬೇಡಿ.

ಬರೆಯದ ಸುದ್ದಿಯನ್ನು ಅಳೆಯುವುದು

ಸುದ್ದಿಗಳನ್ನಷ್ಟೇ ಎಣಿಸುವವರಿಗೆ 2010ರ ತಮೌಲಿಪಾಸ್ ಶಾಂತವಾಗಿ ಕಾಣುತ್ತದೆ. ಅದೇ ವರ್ಷ ಅಲ್ಲಿ ಕೊಲೆಗಳು ಹಿಂದಿನ ವರ್ಷಕ್ಕಿಂತ ದುಪ್ಪಟ್ಟಿಗೂ ಮೀರಿದ್ದವು. ಎಲ್ಲಿ ಗುಂಡು ಹಾರುತ್ತಿದೆ ಎಂದು ರೆನೋಸಾದ ಜನ ಪತ್ರಿಕೆಯಿಂದಲ್ಲ, ಟ್ವಿಟರ್‌ನಿಂದ ತಿಳಿದುಕೊಳ್ಳುತ್ತಿದ್ದರು. ಹಾಗಾಗಿ ಸುದ್ದಿಯ ಸಂಖ್ಯೆಯನ್ನು ಒಂಟಿಯಾಗಿ ನೋಡದೆ, ಪ್ರತಿ 100 ಕೊಲೆಗೆ ಎಷ್ಟು ಸುದ್ದಿ ಎಂಬ ಅನುಪಾತ ಮಾಡಿ. ಸುದ್ದಿ ಸ್ಥಳೀಯ ಪತ್ರಿಕೆಯಿಂದ, ಕೊಲೆ ಇನೆಗಿಯಿಂದ. ಎರಡೂ ಒಂದೇ ರಾಜ್ಯ, ಒಂದೇ ತಿಂಗಳು. ಅನುಪಾತ ದಿಢೀರ್ ಬಿದ್ದ ತಿಂಗಳ ಹಿಂದೆಮುಂದೆ ಪತ್ರಕರ್ತರ ಮೇಲೆ ದಾಳಿ ನಡೆದಿದೆಯೇ ಎಂದು ಪತ್ರಕರ್ತರ ರಕ್ಷಣೆಗೆ ಕೆಲಸ ಮಾಡುವ ಸಿಪಿಜೆ ಮತ್ತು ಆರ್ತಿಕುಲೊ 19 ಸಂಸ್ಥೆಗಳ ದಾಖಲೆಗಳಲ್ಲಿ ನೋಡಿ.

ಕೆಲವು ಮೌನಗಳಿಗೆ ತಾರೀಖು ಇದೆ. 2010ರ ಸೆಪ್ಟೆಂಬರ್‌ನಲ್ಲಿ ಯುವ ಛಾಯಾಗ್ರಾಹಕನೊಬ್ಬನ ಕೊಲೆಯ ನಂತರ ‘ಎಲ್ ದಿಯಾರಿಯೊ ದೆ ಹುಆರೆಸ್’ ಪತ್ರಿಕೆ, ನಮ್ಮಿಂದ ನಿಮಗೆ ಏನು ಬೇಕು ಎಂದು ಕಾರ್ಟೆಲ್‌ಗಳನ್ನೇ ಸಂಪಾದಕೀಯದಲ್ಲಿ ಕೇಳಿತು. 2012ರಲ್ಲಿ ‘ಎಲ್ ಮಾನ್ಯಾನಾ ದೆ ನುಯೆವೊ ಲರೆದೊ’ ಗುಂಪುಗಳ ಹಿಂಸಾತ್ಮಕ ಕಾದಾಟದ ಸುದ್ದಿ ಇನ್ನು ಹಾಕುವುದಿಲ್ಲ ಎಂದಿತು. 2017ರ ಮಾರ್ಚ್‌ನಲ್ಲಿ ಪತ್ರಕರ್ತೆ ಮಿರೊಸ್ಲಾವಾ ಬ್ರೀಚ್ ಕೊಲೆಯಾದ ಬೆನ್ನಿಗೆ, ಏಪ್ರಿಲ್‌ನಲ್ಲಿ ಹುಆರೆಸ್‌ನ ‘ನೊರ್ತೆ’ ಮುಚ್ಚಿತು. ಮೇ 15ರಂದು ಕುಲಿಯಾಕಾನ್‌ನ ‘ರಿಯೊದೊಸೆ’ ವಾರಪತ್ರಿಕೆಯ ಹಾವಿಯೆರ್ ವಾಲ್ದೆಸ್ ಹತರಾದರು. ಇನ್ನೊಂದು ಬಗೆಯ ಮೌನ ಒಪ್ಪಂದದ್ದು: 2011ರ ಮಾರ್ಚ್‌ನಲ್ಲಿ 700ಕ್ಕೂ ಹೆಚ್ಚು ಮಾಧ್ಯಮ ಸಂಸ್ಥೆಗಳು ಹಿಂಸೆಯ ವರದಿಗಾರಿಕೆಗೆ ಸಾಮಾನ್ಯ ನಿಯಮಗಳಿಗೆ ಸಹಿ ಹಾಕಿದವು, ‘ರೆಫೋರ್ಮಾ’, ‘ಲಾ ಹೊರ್ನಾದಾ’, ‘ಪ್ರೊಸೆಸೊ’ ಹಾಕಲಿಲ್ಲ. 2011ರ ಎರಡೂ ಬದಿಯ ಸುದ್ದಿ ಹೋಲಿಸುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ, ಸಂಪಾದಕರ ನಿರ್ಧಾರವನ್ನು ಹಿಂಸೆಯ ಇಳಿಕೆ ಎಂದು ಓದಿಬಿಡುತ್ತಾರೆ.

ಭಾಷೆ, ಚಿತ್ರ, ಬರವಣಿಗೆ

ಇಂಗ್ಲಿಷ್ ಪತ್ರಿಕೆಗಳಲ್ಲಿ ಮಾತ್ರ ಹುಡುಕಿದರೆ ಅಮೆರಿಕದ ಓದುಗನಿಗೆ ಬೇಕಾದ ಮೆಕ್ಸಿಕೊ ಸಿಗುತ್ತದೆ. ಯಂತ್ರಾನುವಾದ ಬಳಸಿ, ಆದರೆ ಕೋಡ್ ನಿರ್ಧರಿಸುವ ಪದಗಳನ್ನು ಮೂಲದಲ್ಲೇ ನೋಡಿ. ‘ಲೆವಾಂತೋನ್’ ಎಂದರೆ ಎತ್ತುವುದಲ್ಲ, ಬಲವಂತದ ಅಪಹರಣ. ‘ಅಬಾತಿದೊ’ ಎಂದರೆ ಪೊಲೀಸ್ ಅಥವಾ ಸೇನೆ ಹೊಡೆದುರುಳಿಸಿದವನು. ಅದು ಸರ್ಕಾರಿ ಪ್ರಕಟಣೆಯ ಪದ, ವರದಿಗಾರನ ಪದವಾಗಿ ಬಂದರೆ ಅದಕ್ಕೇ ಒಂದು ಕೋಡ್ ಕೊಡಬಹುದು. ‘ಲೆಕ್ಕ ಚುಕ್ತಾ’ ಎಂಬರ್ಥದ ‘ಆಹುಸ್ತೆ ದೆ ಕ್ವೆಂತಾಸ್’ ಕೂಡ ಹಾಗೆಯೇ, ತನಿಖೆಗೆ ಮೊದಲೇ ತೀರ್ಪು. ಹುಡುಕುವಾಗ ಸ್ವರಚಿಹ್ನೆ ಹಾಕಿ ಒಮ್ಮೆ, ಹಾಕದೆ ಒಮ್ಮೆ ಹುಡುಕಿ.

ಹೆಣಗಳ ಚಿತ್ರ, ಚಿತ್ರಹಿಂಸೆಯ ವಿಡಿಯೊ ಪ್ರಬಂಧಕ್ಕೆ ಬೇಡ, ಅನುಬಂಧಕ್ಕೂ ಬೇಡ. ಅವನ್ನು ಹರಡಲೆಂದೇ ತಯಾರಿಸುತ್ತಾರೆ. ಸೇತುವೆಗೆ ಕಟ್ಟುವ ಬಟ್ಟೆಯ ಬ್ಯಾನರ್, ಅಂದರೆ ನಾರ್ಕೊಮಾಂತಾ, ಯಾರದೋ ಸಹಿ ಹಾಕಿಕೊಂಡಿರುತ್ತದೆ; ಕಟ್ಟಿದವರು ಅವರೇ ಎಂಬ ಖಾತ್ರಿಯಿಲ್ಲ. ಅದನ್ನು ಘಟನೆಯ ಪುರಾವೆಯಾಗಿ ಬಳಸಬೇಡಿ, ಪತ್ರಿಕೆ ಅದನ್ನು ಹೇಗೆ ಬಳಸಿತು ಎಂದು ವಿಶ್ಲೇಷಿಸಿ. ಮೆಕ್ಸಿಕೊದ ಸ್ಥಳೀಯ ಪತ್ರಕರ್ತರಿಗೆ ಸಂದೇಶ ಕಳಿಸಿ ‘ನಿಮ್ಮೂರಲ್ಲಿ ಯಾವ ಗುಂಪು?’ ಎಂದು ಕೇಳುವ ಉತ್ಸಾಹ ಬೇಡವೇ ಬೇಡ. ನಿಮಗೆ ಅದು ಒಂದು ಅಡಿಟಿಪ್ಪಣಿ, ಅವರಿಗೆ ಜೀವದ ಪ್ರಶ್ನೆ.

ಪದಗಳ ಹಂಚಿಕೆ ಹೀಗಿದ್ದರೆ ಒಳ್ಳೆಯದು: ಪ್ರಶ್ನೆ ಮತ್ತು ವಾದ 300, ಹಿನ್ನೆಲೆ 500, ವಿಧಾನ 700, ಫಲಿತಾಂಶ 1,200, ಚರ್ಚೆ 800, ಮಿತಿಗಳು 200. ವಿಧಾನದ ಭಾಗವನ್ನು 150 ಪದಕ್ಕೆ ಇಳಿಸಿ ಹಿನ್ನೆಲೆಯನ್ನು 1,500ಕ್ಕೆ ಏರಿಸುವುದು ಸಾಮಾನ್ಯ ರೋಗ. ‘ಫಲಿತಾಂಶ’ದಲ್ಲಿ ಮೊದಲು ಎಣಿಕೆಯ ಕೋಷ್ಟಕ, ಆಮೇಲೆ ಎರಡು ಮೂರು ಸುದ್ದಿಗಳ ನಿಕಟ ಓದು. ಅದರಲ್ಲಿ ಒಂದಾದರೂ ನಿಮ್ಮ ವಾದಕ್ಕೆ ವಿರುದ್ಧ ಹೋಗುವ ಸುದ್ದಿಯಾಗಿರಲಿ.

ಕಾಣೆಯಾದವರ ನೋಂದಣಿಯ ಸಂಖ್ಯೆ ದಿನದಿನ ಬದಲಾಗುತ್ತದೆ, ಎಸ್‌ಇಎಸ್‌ಎನ್‌ಎಸ್‌ಪಿ ಹಳೆಯ ತಿಂಗಳುಗಳನ್ನೂ ತಿದ್ದುತ್ತದೆ. ಡೌನ್‌ಲೋಡ್ ಮಾಡಿದ ತಾರೀಖನ್ನು ಪ್ರತಿ ಕೋಷ್ಟಕದ ಕೆಳಗೆ ಬರೆಯಿರಿ, ಕಡತದ ಪ್ರತಿ ಉಳಿಸಿಕೊಳ್ಳಿ, ಸುದ್ದಿ ಪುಟಗಳನ್ನು ವೇಬ್ಯಾಕ್ ಮಷಿನ್‌ನಲ್ಲಿ ಸೇರಿಸಿ. ಎಐ ಚಾಟ್‌ಬಾಟ್ ಕೊಟ್ಟ ಆಕರಗಳಲ್ಲಿ ಇಲ್ಲದ ಲೇಖನ, ಇಲ್ಲದ ಪುಟಸಂಖ್ಯೆ ಧಾರಾಳವಾಗಿರುತ್ತವೆ. ಸಲ್ಲಿಸುವ ಹಿಂದಿನ ದಿನ ಪ್ರತಿ ಉಲ್ಲೇಖವನ್ನೂ ತೆರೆದು, ನೀವು ಬರೆದ ಮಾತು ಅಲ್ಲಿ ನಿಜಕ್ಕೂ ಇದೆಯೇ ಎಂದು ನೋಡಿ. 30 ಉಲ್ಲೇಖಗಳಿಗೆ ಮೂರು ಗಂಟೆ ಹಿಡಿಯುತ್ತದೆ.